ಗಿಡ ಬೀಳುವ ದಿಕ್ಕು

ಹೊಳೆಮಣ್ಣೂರಿಗೆ ಹೋದವರು ಅಲ್ಲಿ ಕಾಡು ಹುಡುಕುವುದಿಲ್ಲ. ಮಲಪ್ರಭೆಯ ದಂಡೆಯ ಈ ಸೀಮೆಯೆಲ್ಲ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ನೀರು ಸಿಕ್ಕಲ್ಲಿ ಗೋವಿನಜೋಳ, ಉಳ್ಳಾಗಡ್ಡಿ. ಮರ ಕಡಿಯುವ ಕೆಲಸ, ಅದರಲ್ಲಿ ಆಗುವ ಯಂತ್ರದ ಅಪಘಾತ ಎಂದೊಡನೆ ಮನಸ್ಸು ದಾಂಡೇಲಿ, ಹಳಿಯಾಳ, ಶಿವಮೊಗ್ಗ, ಕೊಡಗಿನ ಕಡೆಗೆ ಓಡುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಹೆಸರು ಯಾರಿಗೂ ಹೊಳೆಯುವುದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಈ ಮೂರು ತಾಲ್ಲೂಕುಗಳ ಯಾವ ದಾರಿಯಲ್ಲಿ ಹೋದರೂ ಗಿಡ ಕಡಿಯುವ ಮಶೀನಿನ ಸದ್ದು ಎಲ್ಲಿಂದಲೋ ಕೇಳಿಬರುತ್ತದೆ. ಇಲ್ಲಿ ಮರಕ್ಕೂ ಗಿಡವೆಂದೇ ಹೆಸರು. ಬುಡ ಇಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪಗಿದ್ದರೂ ಅದು ಬೇವಿನ ಗಿಡ, ಹುಣಸಿ ಗಿಡ.

ಕಡಿಯುವುದಾದರೂ ಏನನ್ನು? ಮೊದಲನೆಯದು ಬಳ್ಳಾರಿ ಜಾಲಿ. ಹೊಳೆಯ ದಂಡೆ, ಹಳ್ಳದ ಬದಿ, ಕೆರೆಯ ಅಂಗಳ, ಬೀಳುಬಿದ್ದ ಹೊಲ, ಎಲ್ಲ ಕಡೆ ಅದೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರದ ನಂತರ ಹೊಳೆಸಾಲಿನ ಊರುಗಳಿಗೆ ಎತ್ತರದ ಜಾಗದಲ್ಲಿ ಆಸರೆ ಮನೆಗಳು ಬಂದವು, ನವಗ್ರಾಮಗಳಾದವು. ಜನ ಹೋಗಿ ನೆಲೆಸದ ಮನೆಗಳ ಸುತ್ತ ಜಾಲಿ ನೆಲೆಸಿತು. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಉಕ್ಕಿದಾಗ ಅದೇ ಮನೆಗಳು ಬೇಕಾದವು. ಮೊದಲು ಜಾಲಿ ಕಡಿಯಬೇಕಾಯಿತು. ಎರಡನೆಯದು ಬದುವಿನ ಬೇವು ಮತ್ತು ಕರಿಜಾಲಿ. ಒಂದು ಕಾಲಕ್ಕೆ ಅವು ಚಕ್ಕಡಿಗೆ, ನೇಗಿಲಿಗೆ, ಬಾಗಿಲ ಚೌಕಟ್ಟಿಗೆಂದು ಉಳಿದಿದ್ದ ಗಿಡಗಳು. ಈಗ ಮಗಳ ಮದುವೆಗೋ ಬೋರ್‌ವೆಲ್ಲಿಗೋ ರೊಕ್ಕ ಬೇಕಾದಾಗ ಕಟಗಿ ವ್ಯಾಪಾರಿಗೆ ಮಾರಾಟವಾಗುತ್ತವೆ. ಮೂರನೆಯದು ರಸ್ತೆ ಅಗಲ ಮಾಡುವಾಗ ಹೋಗುವ ಸಾಲುಮರಗಳು. ಮಳೆಗಾಲದ ಮುಂಚೆ ಕರೆಂಟಿನ ತಂತಿಗೆ ತಾಗುವ ಟೊಂಗೆ ಸವರುವ ಕೆಲಸವನ್ನೂ ಇದಕ್ಕೇ ಸೇರಿಸಬೇಕು.

ಈ ಕೆಲಸ ಒಂದು ದಿನದ್ದು, ಅರ್ಧ ದಿನದ್ದು. ಇವತ್ತು ಒಂದು ಹೊಲ, ನಾಳೆ ಇನ್ನೊಂದು ಊರು. ಒಂದು ಟ್ರ್ಯಾಕ್ಟರ್, ಒಂದು ಮಶೀನು, ಎರಡು ಕೊಡ್ಲಿ, ಒಂದು ಹಗ್ಗ, ನಾಲ್ಕಾರು ಮಂದಿ. ಬೋರ್ಡಿಲ್ಲ, ಬೇಲಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಮರ ಕಡಿಯುವವರ ಸುರಕ್ಷತೆಯ ಬಗ್ಗೆ ಜಗತ್ತಿನಲ್ಲಿ ಇರುವ ತಿಳಿವಳಿಕೆಯೆಲ್ಲ ಒಂದು ಗೊತ್ತಾದ ಜಾಗ, ಅದಕ್ಕೊಬ್ಬ ಮಾಲೀಕ, ಒಬ್ಬ ಮೇಲ್ವಿಚಾರಕ ಇದ್ದಾರೆಂದು ನಂಬಿ ಬರೆದದ್ದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲಿ ಅರಣ್ಯ ಕೆಲಸದ ಸುರಕ್ಷತೆಗೆಂದೇ ಒಂದು ನೀತಿಸಂಹಿತೆ ತಂದಿತು, ಒಳ್ಳೆಯ ಪುಸ್ತಕ. ಅದನ್ನು ಹೊಳೆಮಣ್ಣೂರಿನ ಜಾಲಿಮೆಳೆಯ ಎದುರು ಹಿಡಿದರೆ ಅದು ಯಾರಿಗೆ ಹೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ. ನನ್ನ ವಾದ ಇಷ್ಟೇ: ಕೆಲಸದ ಜಾಗವೇ ನಿಲ್ಲದ ಕಡೆ ಸುರಕ್ಷತೆಯನ್ನು ಜಾಗಕ್ಕೆ ಕಟ್ಟಿದರೆ ಉಪಯೋಗವಿಲ್ಲ. ಅದು ಮಶೀನಿನ ಜತೆಗೆ, ಆ ಮಶೀನು ಬಾಡಿಗೆಗೆ ಕೊಡುವವನ ಜತೆಗೆ, ಗುತ್ತಿಗೆಯ ಕಾಗದದ ಜತೆಗೆ ಊರೂರು ತಿರುಗಬೇಕು.

ಅಪಾಯ ಎಷ್ಟು ದೊಡ್ಡದು ಎನ್ನುವುದಕ್ಕೆ ನಮ್ಮಲ್ಲಿ ಲೆಕ್ಕವಿಲ್ಲ. ಗಿಡ ಮೈಮೇಲೆ ಬಿದ್ದು ಸತ್ತವನದು ಠಾಣೆಯಲ್ಲಿ ಬಹುತೇಕ ಅಸ್ವಾಭಾವಿಕ ಸಾವು ಎಂದು ಒಂದು ಯುಡಿಆರ್ ಆಗಿ ಮುಗಿಯುತ್ತದೆ. ಬೆರಳು ಕಳೆದುಕೊಂಡವನದು ಅಷ್ಟೂ ಆಗುವುದಿಲ್ಲ. ಲೆಕ್ಕ ಇಡುವ ದೇಶಗಳ ಅಂಕಿಯಿಂದ ಅಂದಾಜು ಮಾಡಬಹುದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2022ರಲ್ಲಿ ಮರ ಕಡಿಯುವವರಲ್ಲಿ ಲಕ್ಷಕ್ಕೆ ಸುಮಾರು 100 ಮಂದಿ ಕೆಲಸದಲ್ಲೇ ಸತ್ತರು. ಎಲ್ಲ ಕಸುಬುಗಳನ್ನು ಸೇರಿಸಿದರೆ ಆ ಪ್ರಮಾಣ ಲಕ್ಷಕ್ಕೆ 3.7. ತರಬೇತಿ, ಹೆಲ್ಮೆಟ್ಟು, ಕಾನೂನು ಎಲ್ಲ ಇದ್ದ ಕಡೆಯೇ ಈ ಗತಿ. ನ್ಯೂಜಿಲೆಂಡಿನಲ್ಲಿ 2013ರ ಒಂದೇ ವರ್ಷ ಹತ್ತು ಮಂದಿ ಸತ್ತಾಗ ದೇಶವೇ ಬೆಚ್ಚಿತು. ಮರುವರ್ಷ ಸ್ವತಂತ್ರ ಪರಿಶೀಲನಾ ಸಮಿತಿ ಇಡೀ ಉದ್ಯಮವನ್ನು ಪ್ರಶ್ನಿಸಿತು. ಹತ್ತು ಸಾವಿಗೆ ಒಂದು ದೇಶ ನಿಂತು ಕೇಳಿತು ಎಂಬುದನ್ನು ಓದಿದಾಗ ನನಗೆ ಹೊಟ್ಟೆ ಹಿಂಡಿದಂತಾಗಿತ್ತು. ನಮ್ಮಲ್ಲಿ ಹತ್ತು ಆಗಿವೆಯೋ ನೂರು ಆಗಿವೆಯೋ ಎಂದು ಕೇಳುವ ಕುರ್ಚಿಯೇ ಇಲ್ಲ.

ಕೊಡ್ಲಿಯಿಂದ ಮಶೀನಿಗೆ ಬಂದಾಗ ಏನು ಬದಲಾಯಿತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಚೈನ್ ಗರಗಸ ಮಾಡಿದ, 1929ರಲ್ಲಿ ಪೆಟ್ರೋಲಿನದು. ಅವು ಇಬ್ಬರು ಹೊರಬೇಕಾದ ಭಾರದವು. ನಮ್ಮ ಹಳ್ಳಿಗಳಿಗೆ ಒಬ್ಬನೇ ಎತ್ತಿ ಕೊಯ್ಯುವ ಹಗುರ ಮಶೀನು ಬಂದದ್ದು ತೀರ ಈಚೆಗೆ. ಕೊಡ್ಲಿಯಲ್ಲಿ ಒಂದು ದೊಡ್ಡ ಬೇವು ಕೆಡವಲು ಇಬ್ಬರಿಗೆ ಅರ್ಧ ದಿನ ಬೇಕಿತ್ತು. ಆ ಅರ್ಧ ದಿನದಲ್ಲಿ ಅವರು ಗಿಡವನ್ನು ಹತ್ತು ಸಲ ಸುತ್ತುತ್ತಿದ್ದರು. ಯಾವ ಮಗ್ಗುಲಿಗೆ ಟೊಂಗೆ ಭಾರ, ಬುಡ ಪೊಳ್ಳೋ ಗಟ್ಟಿಯೋ, ಗಾಳಿ ಯಾವ ಕಡೆಯದು ಎಂಬುದು ಬೆವರಿನ ನಡುವೆ ತಾನಾಗಿ ತಿಳಿಯುತ್ತಿತ್ತು. ಕೊನೆಗೆ ಗಿಡ ಕಿರ್ರೆಂದು ಮುರಿಯುವ ಸದ್ದು ಕೊಟ್ಟಾಗ ಹಿರಿಯ ಕೈಯೆತ್ತಿ, ‘ಏ ತಮ್ಮಾ, ಸರಿ ಅತ್ತಾಗ’ ಎನ್ನುತ್ತಿದ್ದ. ಹುಡುಗ ಸರಿಯುತ್ತಿದ್ದ.

ಮಶೀನಿನ ಸದ್ದು 100 ಡೆಸಿಬೆಲ್ಲಿಗೂ ಮೇಲೆ. ಅದರ ಮುಂದೆ ಗಿಡದ ಕಿರುಗುಟ್ಟುವಿಕೆ ಕೇಳಿಸುವುದಿಲ್ಲ, ಹಿರಿಯನ ಕೂಗೂ ಕೇಳಿಸುವುದಿಲ್ಲ. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ನೋಡುವ ಹೊತ್ತೂ ಅಷ್ಟಕ್ಕೇ ಇಳಿಯಿತು. ಕೈ ವೇಗವಾಯಿತು, ಕಣ್ಣು ಕಿವಿ ಅಲ್ಲೇ ಉಳಿದವು. ಯಂತ್ರದಿಂದ ಆಗುವ ಬಹುಪಾಲು ದುರಂತದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಹಾಗೆಂದು ಕೊಡ್ಲಿಯ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಕಾವಿನಿಂದ ಕಳಚಿ ಹಾರಿದ ಕೊಡ್ಲಿ ಮೊಣಕಾಲು ಸೀಳಿದ ಕತೆಗಳು ಪ್ರತಿ ಊರಲ್ಲೂ ಇವೆ.

ಚೈನು ಸೆಕೆಂಡಿಗೆ ಇಪ್ಪತ್ತು ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಅದು ಓಡುವ ಪಟ್ಟಿಯ ತುದಿಯ ಮೇಲಿನ ಕಾಲುಭಾಗ ಎಲ್ಲಕ್ಕಿಂತ ಅಪಾಯದ ಜಾಗ. ಆ ತುದಿ ಇನ್ನೊಂದು ಟೊಂಗೆಗೋ, ಒಳಗಡಗಿದ ಮೊಳೆಗೋ ತಾಗಿದರೆ ಇಡೀ ಮಶೀನು ಕೊಯ್ಯುವವನ ಮುಖದ ಕಡೆಗೆ ಮೇಲಕ್ಕೆ ಚಿಮ್ಮುತ್ತದೆ. ಕಣ್ಣೆವೆ ಇಕ್ಕುವುದರೊಳಗೆ ಆಗುವ ಕೆಲಸ ಇದು. ಎಷ್ಟೇ ಚುರುಕಿನವನಾದರೂ ತಡೆಯಲಾರ. 1970ರ ದಶಕದಲ್ಲಿ ಇದಕ್ಕೆಂದೇ ಚೈನ್ ಬ್ರೇಕು ಬಂತು. ಮುಂಗೈ ಎದುರಿನ ಗುರಾಣಿಯನ್ನು ಮುಂದಕ್ಕೆ ನೂಕಿದಾಗ ಬ್ರೇಕು ಬಿಗಿದು ಚೈನು ಕ್ಷಣದಲ್ಲಿ ನಿಲ್ಲಬೇಕು. ಕೈಯಿಂದ ಕೈಗೆ ಬಾಡಿಗೆಗೆ ಸುತ್ತುವ ಮಶೀನಿನಲ್ಲಿ ಮೊದಲು ಒಡೆಯುವುದು ಆ ಗುರಾಣಿಯೇ. ಅದಿಲ್ಲದೆಯೂ ಮಶೀನು ಕೊಯ್ಯುತ್ತದೆ, ಆದ್ದರಿಂದ ಯಾರೂ ರಿಪೇರಿ ಮಾಡಿಸುವುದಿಲ್ಲ. ನನಗೆ ಅಧಿಕಾರವಿದ್ದಿದ್ದರೆ ಬೇರೇನೂ ಕೇಳುವ ಮೊದಲು ಇದೊಂದನ್ನು ಕೇಳುತ್ತಿದ್ದೆ: ಬೆಳಿಗ್ಗೆ ಮಶೀನು ಚಾಲೂ ಮಾಡಿ, ಗುರಾಣಿ ನೂಕು, ಚೈನು ನಿಂತರೆ ಹೊಲಕ್ಕೆ ಹೋಗು, ನಿಲ್ಲದಿದ್ದರೆ ಮನೆಗೆ ಹೋಗು.

ಉಡುಪಿನ ಮಾತೂ ಇದೆ. ಲುಂಗಿ ಮಡಚಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ತಲೆಗೊಂದು ಟವೆಲ್ ಸುತ್ತಿ ಮಶೀನು ಹಿಡಿಯುವುದು ಇಲ್ಲಿಯ ರೂಢಿ. ಮಶೀನಿನ ಗಾಯ ಹೆಚ್ಚಾಗಿ ಎಡಗಾಲಿನ ತೊಡೆಗೆ, ಮೊಣಕಾಲಿಗೆ, ಎಡಗೈಗೆ ಆಗುವಂಥದು. ಹೊರದೇಶದವರು ತೊಡುವ ದಪ್ಪ ಪ್ಯಾಂಟಿನೊಳಗೆ ಉದ್ದುದ್ದ ನಾರಿನ ಪದರುಗಳಿರುತ್ತವೆ. ಹಲ್ಲು ತಾಗಿದೊಡನೆ ನಾರು ಚೈನಿಗೆ ಸುತ್ತಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಗದಗಿನ ಏಪ್ರಿಲ್ ಬಿಸಿಲಲ್ಲಿ ಅಂಥ ಪ್ಯಾಂಟು ತೊಡು ಎನ್ನುವುದು ಸುಲಭವಲ್ಲ, ಒಪ್ಪುತ್ತೇನೆ. ಮುಂದಿನ ಭಾಗಕ್ಕೆ ಮಾತ್ರ ಕಟ್ಟಿಕೊಳ್ಳುವ, ಹಿಂದೆ ಗಾಳಿಯಾಡುವ ತೊಡೆಗಾಪುಗಳಿವೆ. ಅದೂ ಆಗದಿದ್ದರೆ ಬಿಗಿಯಾದ ಜೀನ್ಸು, ಕಾಲಿಗೆ ಬೂಟು, ತಲೆಗೆ ಕಟ್ಟಡದವರು ಹಾಕುವ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ. ಜಾಲಿ ಕಡಿಯುವವನಿಗೆ ಕನ್ನಡಕ ಅನ್ನದಷ್ಟೇ ಅಗತ್ಯ.

ಜಾಲಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಈ ಸೀಮೆಯ ಅಪಾಯದ ಗುಣ ಅದರಲ್ಲಿದೆ. ಭಾರತಕ್ಕೆ ಅದು ಬಂದದ್ದು 1877ರ ಸುಮಾರಿಗೆ, ದೂರದ ಅಮೆರಿಕ ಖಂಡದಿಂದ. ಅದು ಒಂದೇ ಕಾಂಡದಲ್ಲಿ ನೇರ ಬೆಳೆಯುವ ಗಿಡವಲ್ಲ. ಒಂದು ಬುಡದಿಂದ ಐದಾರು ಕಾಂಡ ಎದ್ದು, ಬಾಗಿ, ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಒಂದನ್ನು ಕೊಯ್ಯುವಾಗ ಪಟ್ಟಿಯ ತುದಿ ಪಕ್ಕದ ಕಾಂಡಕ್ಕೆ ತಾಗದಿರುವುದೇ ಅಪರೂಪ. ಮಶೀನು ಚಿಮ್ಮಲು ಇದಕ್ಕಿಂತ ಹದವಾದ ಗಿಡ ಇನ್ನೊಂದಿಲ್ಲ. ಬಾಗಿದ ಕಾಂಡದ ಒಂದು ಮಗ್ಗುಲು ಬಿಲ್ಲಿನ ಹೆದೆಯಂತೆ ಎಳೆದು ನಿಂತಿರುತ್ತದೆ. ಆ ಮಗ್ಗುಲಿಗೆ ಒಮ್ಮೆಗೇ ಕೊಯ್ತ ಹಾಕಿದರೆ ಕಾಂಡ ಉದ್ದಕ್ಕೆ ಸೀಳಿ ಎದೆಗೆ ಬಡಿಯುತ್ತದೆ. ಕಾಂಡ ಸಿಗಬೇಕಾದರೆ ಮೊದಲು ಮುಳ್ಳು ಸವರಬೇಕು. ಸವರಿದ ಮುಳ್ಳು ಕಾಲಡಿಯೇ ಬಿದ್ದಿರುತ್ತದೆ. ಅದರ ಮೇಲೆ ನಿಂತು ಮಶೀನು ಹಿಡಿಯಬೇಕು. ನೆಲಕ್ಕೆ ಹತ್ತಿ ಕೊಯ್ದರೆ ಸೌದೆ ಹೆಚ್ಚು ಸಿಗುತ್ತದೆ, ತೂಕದ ಮೇಲೆ ರೊಕ್ಕ. ಹಾಗೆ ಕೊಯ್ಯುವಾಗ ಚೈನು ಮಣ್ಣಿಗೆ ತಾಗಿ ಮೊಂಡಾಗುತ್ತದೆ. ಮೊಂಡಾದ ಚೈನಿನಿಂದ ಕೊಯ್ಯಲು ಮೈಭಾರ ಹಾಕಿ ಒತ್ತಬೇಕು. ಒತ್ತಿದವನು ಮಶೀನು ಜಾರಿದಾಗ ತಾನೂ ಅದರ ಹಿಂದೆ ಮುಗ್ಗರಿಸುತ್ತಾನೆ. ಅರ (ಕಾನಸು) ಹಿಡಿದು ಹಲ್ಲು ಚೂಪು ಮಾಡಿಕೊಳ್ಳುವುದು ಸಮಯ ಹಾಳು ಎಂದು ತೋರುತ್ತದೆ. ಆದರೆ ಚೂಪಾದ ಚೈನು ಮೊಂಡು ಚೈನಿಗಿಂತ ಸುರಕ್ಷಿತ. ಹೊಸಬರು ಇದನ್ನು ನಂಬುವುದೇ ಇಲ್ಲ.

ಎರಿ ನೆಲವೂ ಇಲ್ಲಿ ಪಾಲುದಾರ. ಗಿಡ ಬೀಳುವಾಗ ಹಿಂದಕ್ಕೆ, ಓರೆಯಾಗಿ ಸರಿದುಹೋಗಲು ದಾರಿ ಮೊದಲೇ ಮಾಡಿಟ್ಟುಕೊಳ್ಳಬೇಕೆಂದು ಎಲ್ಲ ಪಾಠಗಳೂ ಹೇಳುತ್ತವೆ. ಬೇಸಿಗೆಯಲ್ಲಿ ಎರಿ ಹೊಲ ಕಾಲು ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಹಿಂದೆ ನೋಡದೆ ಸರಿದವನ ಪಾದ ಅದರಲ್ಲಿ ಸಿಕ್ಕಿಕೊಂಡರೆ ಗಿಡ ಕಾಯುವುದಿಲ್ಲ. ಒಂದು ಮಳೆ ಬಿದ್ದರೆ ಅದೇ ನೆಲ ಚಪ್ಪಲಿಗೆ ಐದು ಕಿಲೋ ಹತ್ತುವ ಅಂಟು. ಹೀಗಾಗಿ ಓಡುವ ದಾರಿ ಎಂದರೆ ನಮ್ಮಲ್ಲಿ ಮುಳ್ಳು ಎಳೆದುಹಾಕುವುದಷ್ಟೇ ಅಲ್ಲ; ಬಿರುಕಿನ ಮೇಲೆ ಮಣ್ಣೆಳೆದು, ಹತ್ತು ಹೆಜ್ಜೆ ನಡೆದು ನೋಡಿಕೊಳ್ಳುವುದು. ಪರದೇಶದ ಯಾವ ಕೈಪಿಡಿಯಲ್ಲೂ ಬಿರುಕಿನ ಮಾತು ಸಿಗದು, ಅದನ್ನು ನಾವೇ ಬರೆದುಕೊಳ್ಳಬೇಕು.

ಹೊಳೆ ಬಂದುಹೋದ ಮೇಲಿನ ಕೆಲಸ ಇನ್ನೂ ಕೆಟ್ಟದ್ದು. ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟು, ಮೇಲಿಂದ ಬೆಣ್ಣಿಹಳ್ಳವೂ ತುಂಬಿ ಬಂದಾಗ ಬುಡಸಮೇತ ಕಿತ್ತುಬಂದ ಗಿಡಗಳು ಸೇತುವೆಯ ಕಾಲುಗಳಿಗೆ, ದಂಡೆಯ ಜಾಲಿಗೆ ಸಿಕ್ಕಿ ರಾಶಿಯಾಗುತ್ತವೆ. ಆ ರಾಶಿಯಲ್ಲಿ ಯಾವ ಕಾಂಡ ಯಾವುದನ್ನು ಹೊತ್ತಿದೆ, ಯಾವುದು ಯಾವುದನ್ನು ಒತ್ತಿದೆ ಎಂದು ಹೇಳಲಾಗದು. ಮಗ್ಗುಲಾಗಿ ಬಿದ್ದ ಗಿಡದ ಕಾಂಡ ಕೊಯ್ದೊಡನೆ ಮಣ್ಣು ಹೊತ್ತ ಬೇರಿನ ಬುಡ ತಟ್ಟನೆ ಎದ್ದು ನೆಟ್ಟಗೆ ಕೂಡುತ್ತದೆ; ಅದರ ಹಿಂದೆ ನಿಂತವನು ಕೆಳಗೆ ಹೂತುಹೋಗುತ್ತಾನೆ. ಇಂಥ ರಾಶಿಯನ್ನು ಕೈಮಶೀನಿನಿಂದ ಕೊಯ್ಯಲೇಬಾರದು. ಜೆಸಿಬಿಯಿಂದ ಹಿಡಿದು ಒಂದೊಂದಾಗಿ ಹೊರಗೆಳೆದು, ಸಮನೆಲದಲ್ಲಿ ಹಾಕಿ ಆಮೇಲೆ ತುಂಡು ಮಾಡುವುದೊಂದೇ ದಾರಿ. ಜೆಸಿಬಿ ತೋಳು ತಿರುಗುವಷ್ಟು ಜಾಗದಲ್ಲಿ ಆಗ ಮನುಷ್ಯರು ಇರಕೂಡದು. ನೋಡಲು ಊರೇ ನೆರೆದಿರುತ್ತದೆ. ಮಕ್ಕಳು ಎಲ್ಲರಿಗಿಂತ ಮುಂದೆ.

ನಿಂತ ಗಿಡ ಕೆಡವುವ ವಿದ್ಯೆ ದೊಡ್ಡದೇನಲ್ಲ, ಆದರೆ ಅದನ್ನು ಯಾರೂ ಕಲಿಸಿಲ್ಲ. ಬೀಳಿಸಬೇಕಾದ ದಿಕ್ಕಿಗೆ ಬುಡದಲ್ಲಿ ಬಾಯಿ ತೆರೆದಂತೆ ಒಂದು ಬೆಣೆಯಾಕಾರದ ಕಚ್ಚು. ಆಮೇಲೆ ಹಿಂದಿನಿಂದ, ಸ್ವಲ್ಪ ಮೇಲೆ, ಇನ್ನೊಂದು ಕೊಯ್ತ. ಎರಡೂ ಕೂಡಬಾರದು. ನಡುವೆ ಬುಡದ ಅಡ್ಡಳತೆಯ ಹತ್ತರಲ್ಲೊಂದು ಪಾಲು ಕಟಗಿ ಉಳಿಯಬೇಕು. ಬಾಗಿಲಿಗೆ ತಿರುಗಣಿ ಇದ್ದ ಹಾಗೆ ಅದು. ಗಿಡ ಅದರ ಮೇಲೆ ತಿರುಗಿ ಹೇಳಿದ ಕಡೆಗೆ ಮಲಗುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಗಿಡ ತನ್ನಿಚ್ಛೆಯ ಕಡೆಗೆ ಬೀಳುತ್ತದೆ. ಇಲ್ಲಿಯ ರೂಢಿಯಲ್ಲಿ ಮುಂದಿನ ಕಚ್ಚು ಹಾಕುವವರು ಕಡಿಮೆ. ಒಂದೇ ಕಡೆಯಿಂದ ಕೊಯ್ಯುತ್ತ ಹೋಗಿ, ಮೇಲೆ ಕಟ್ಟಿದ ಹಗ್ಗ ಹಿಡಿದು ನಾಲ್ಕು ಮಂದಿ ಎಳೆಯುತ್ತಾರೆ. ಹಗ್ಗ ಗಿಡಕ್ಕಿಂತ ಗಿಡ್ಡ. ಎಳೆದವರ ಮೇಲೇ ಗಿಡ. ಎರಡು ಗಿಡದಷ್ಟು ಉದ್ದದ ಒಳಗೆ ಕೊಯ್ಯುವವನ ಹೊರತು ಯಾರೂ ಇರಬಾರದು ಎಂಬ ನಿಯಮ ಜಗತ್ತಿನ ಎಲ್ಲ ಕಡೆ ಇದೆ. ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಉದ್ದ ಹಗ್ಗ ಸಾಕು. ಬಿದ್ದ ಗಿಡ ಪಕ್ಕದ ಗಿಡಕ್ಕೆ ಸಿಕ್ಕಿ ನಿಂತರೆ ಅದರ ಕೆಳಗೆ ಹೋಗಿ ಎರಡನೆಯದನ್ನು ಕೊಯ್ಯುವ ಆಸೆ ಎಲ್ಲರಿಗೂ ಆಗುತ್ತದೆ. ಆ ಆಸೆಯೇ ಬಹಳ ಮಂದಿಯನ್ನು ಕೊಂದಿದೆ. ದೂರದಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಇಳಿಸಬೇಕು, ಇಲ್ಲವೆ ಬಿಟ್ಟು ನಾಳೆ ಬರಬೇಕು.

ಟ್ರ್ಯಾಕ್ಟರ್ ಎಂದೆ. ದಿಮ್ಮಿ ಎಳೆಯುವಾಗ ಸರಪಳಿಯನ್ನು ಹಿಂದಿನ ಕೆಳಗಿನ ಕೊಂಡಿಗೇ ಕಟ್ಟಬೇಕು. ದಿಮ್ಮಿ ನೆಲ ಉಳಬಾರದೆಂದು ಎತ್ತರಕ್ಕೆ, ಮೇಲಿನ ಕೊಂಡಿಗೆ ಕಟ್ಟಿದರೆ ದಿಮ್ಮಿ ಎಲ್ಲೋ ಬೇರಿಗೆ ತಡೆದ ಕ್ಷಣ ಮುಂದಿನ ಗಾಲಿಗಳು ಏಳುತ್ತವೆ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಒಂದೂವರೆ ಸೆಕೆಂಡು ಸಾಕು. ಡ್ರೈವರ್ ಕ್ಲಚ್ಚಿಗೆ ಕಾಲು ಹಾಕುವುದರೊಳಗೆ ಸ್ಟೇರಿಂಗು ಎದೆಯ ಮೇಲಿರುತ್ತದೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದರೂ ಜೀವ ಉಳಿಸುವ ಗಟ್ಟಿ ಕಮಾನು ಕಡ್ಡಾಯ ಮಾಡಿತು. ಅಲ್ಲಿ ಈ ಬಗೆಯ ಸಾವು ಹೆಚ್ಚುಕಡಿಮೆ ಅಳಿದೇ ಹೋಯಿತು. ನಮ್ಮ ಹೊಲಗಳಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಬಿಸಿಲ ಚಪ್ಪರ ಇದೆ, ಹಾಡಿನ ಪೆಟ್ಟಿಗೆ ಇದೆ, ಆ ಕಮಾನಿಲ್ಲ. ಟ್ರೇಲರಿಗೆ ಕಟಗಿ ಹೇರಿದ ಮೇಲೆ ಅದರ ಮೇಲೆಯೇ ಆಳುಗಳು ಕೂತು ಊರಿಗೆ ಬರುವುದನ್ನು ಎಲ್ಲರೂ ನೋಡಿದ್ದೇವೆ. ಕಾಲುವೆಯ ಏರಿಯಲ್ಲಿ ಒಂದು ತಿರುವು ತಪ್ಪಿದರೆ ಕಟಗಿ ಕೆಳಗೆ ಯಾರಿದ್ದಾರೆಂದು ಎಣಿಸಬೇಕಾಗುತ್ತದೆ.

ಕರೆಂಟಿನ ಮಾತು ಮಲೆನಾಡಿನವರಿಂದ ಕಲಿಯಬೇಕಾದದ್ದು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಮರಗಸಿ ಮಾಡುವಾಗ, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಬಿದಿರೇಣಿಯ ಜಾಗಕ್ಕೆ ಹಗುರ ಏಣಿ ಬಂದದ್ದೇ ಅಲ್ಲಿ ಹೊಸ ಅಪಾಯವಾಯಿತು. ನಮ್ಮ ಕಡೆ ಹೆಸ್ಕಾಂ ತಂತಿಗಳು ಹೊಲದ ನಡುವೆ ಬೇವಿನ ಟೊಂಗೆಗಳ ಮೇಲೇ ಹಾದಿವೆ. ಲೈನ್‌ಮನ್‌ಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸುವುದು ತಡವಾಗುತ್ತದೆಂದು, ‘ಈಗ ಕರೆಂಟ್ ಹೋಗೇತಿ, ಲಗೂನ ಕಡಿರಿ’ ಎಂದು ಶುರು ಮಾಡುತ್ತಾರೆ. ಪಂಪ್‌ಸೆಟ್ಟಿನ ಪಾಳಿಯ ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು. ತೆಗೆದ ಕರೆಂಟಿಗೂ ಹೋದ ಕರೆಂಟಿಗೂ ವ್ಯತ್ಯಾಸವಿದೆ. ತೆಗೆದವನು ಹೇಳದೆ ಹಾಕುವುದಿಲ್ಲ.

ಇನ್ನು ಕಾನೂನು. ಕಟಗಿಯ ಬಗ್ಗೆ ನಮ್ಮ ಕಾನೂನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹೊಲದ ಗಿಡ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟ ಮೇಲೆ ಕಟಗಿ ಕೊಯ್ಯುವ ಮಿಲ್ಲುಗಳ ಮೇಲೆ ದೇಶದುದ್ದಕ್ಕೂ ನಿಗಾ ಬಿಗಿಯಾಯಿತು. ಇವೆಲ್ಲ ಬೇಕಾದವೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿ ನಿಂತವರ ನಾಡು ನಮ್ಮದು. ಗಿಡದ ಪರವಾದ ಒಂದು ಅಕ್ಷರವನ್ನೂ ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಕಾಗದಗಳಲ್ಲಿ ದಿಮ್ಮಿಯ ಸುತ್ತಳತೆಗೆ ಜಾಗ ಇದೆ, ಕಡಿಯುವವನ ಹೆಸರಿಗೆ ಇಲ್ಲ. ಮಿಲ್ಲಿನ ಕಟಗಿ ಎಲ್ಲಿಂದ ಬಂತೆಂದು ಕೇಳುವ ಅಧಿಕಾರಿ ಚಕ್ರ ಗರಗಸಕ್ಕೆ ಮುಚ್ಚಳ ಇದೆಯೇ ಎಂದು ಕೇಳುವುದಿಲ್ಲ, ಅದು ಅವರ ಕೆಲಸವಲ್ಲ. ಕೇಳಬೇಕಾದದ್ದು 1948ರ ಕಾರ್ಖಾನೆ ಕಾಯ್ದೆ. ಅದು ಕರೆಂಟು ಬಳಸುವಲ್ಲಿ ಹತ್ತು ಮಂದಿ ಇದ್ದರೆ ಮಾತ್ರ ಒಳಗೆ ಕಾಲಿಡುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ರೋಣ, ಗಜೇಂದ್ರಗಡದಂಥ ಊರಿನ ಕಟಗಿ ಅಡ್ಡೆಯಲ್ಲಿ ಇಪ್ಪತ್ತು ಆಳು ಎಲ್ಲಿಂದ ಬರಬೇಕು? ಈ ಬದಲಾವಣೆ ತಪ್ಪು ಎಂದೇ ನನ್ನ ಅಭಿಪ್ರಾಯ.

ಬಳ್ಳಾರಿ ಜಾಲಿಗೆ ಬಂದರೆ ಅನುಮತಿಯ ಕಾಗದವೂ ಇಲ್ಲ. ನೀಲಗಿರಿ, ಸರ್ವೆ, ಸುಬಾಬುಲ್‌ಗಳ ಜತೆ ಅದನ್ನೂ ವೃಕ್ಷ ಕಾಯ್ದೆಯ ಅನುಮತಿಯಿಂದ ಹೊರಗಿಟ್ಟಿದ್ದಾರೆ. ರೈತನಿಗೆ ಅನುಕೂಲವೇ. ಆದರೆ ಈ ಸೀಮೆಯಲ್ಲಿ ಅತಿ ಹೆಚ್ಚು ಕಡಿಯುವ, ಅತಿ ಹೆಚ್ಚು ಅಪಾಯದ ಗಿಡ ಹೀಗೆ ಯಾವ ಪುಸ್ತಕದಲ್ಲೂ ಒಂದು ಸಾಲು ಬರೆಸದೆ ಕಡಿತವಾಗುತ್ತದೆ.

ಅಪಘಾತ ಆದ ಮೇಲಿನ ಕಾನೂನು ಮಾತ್ರ ನಾವಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ, ಅದು ಬಹಳ ಮಂದಿಗೆ ಗೊತ್ತಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಮರ ಕಡಿಯುವ, ದಿಮ್ಮಿ ಮಾಡುವ ಕೆಲಸದ ಹೆಸರೇ ಇದೆ. ಈಗ ಆ ಕಾಯ್ದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಕೆಲಸದಲ್ಲಿ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿ ಕೊಡಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರಿಂದ ತಿಂಗಳಿಗೆ 15,000 ರೂಪಾಯಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತೆಂದು ಕಾಯ್ದೆಯೇ ಬರೆದಿಟ್ಟಿದೆ. ಇದಕ್ಕೆ ಹೋಲಿಸಿದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಪೂರಾ ಹೋದರೆ 1 ಲಕ್ಷ ಕೊಡುತ್ತದೆ. ಬೆರಳಿಗೆ ಏನೂ ಇಲ್ಲ. ಆದರೂ 20 ರೂಪಾಯಿ ಕಟ್ಟದ ಮನೆ ಇರಬಾರದು.

ಹಾಗಾದರೆ ಯಾರು ಏನು ಮಾಡಬೇಕು? ಹೊಸ ಇಲಾಖೆ ಬೇಡ. ಇರುವ ಕಾಗದಗಳಿಗೆ ಎರಡು ಸಾಲು ಸೇರಿಸಿದರೆ ಬಹಳಷ್ಟಾಗುತ್ತದೆ. ಗ್ರಾಮ ಪಂಚಾಯ್ತಿ ಕೆರೆಯಂಗಳದ ಜಾಲಿ ಹರಾಜು ಹಾಕುವಾಗ ಆಳುಗಳ ಹೆಸರು, ಅವರ ವಿಮೆ, ಬ್ರೇಕು ನಿಲ್ಲುವ ಮಶೀನು, ಹೆಲ್ಮೆಟ್ಟು, ಹದಿನೆಂಟು ತುಂಬದವರು ಕೆಲಸದಲ್ಲಿ ಇರಕೂಡದು ಎಂಬ ಷರತ್ತು ಹಾಕಬಹುದು. ವೃಕ್ಷಾಧಿಕಾರಿಯ ಅನುಮತಿಯಲ್ಲೂ ಅದನ್ನೇ ಹಾಕಬಹುದು. ಸರ್ಕಾರ 2014ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಹೋಬಳಿಗೆ ಬಾಡಿಗೆ ಯಂತ್ರ ಕೊಡುತ್ತಿವೆ. ಮಶೀನಿನ ಜತೆಗೇ ಹೆಲ್ಮೆಟ್ಟು, ಕನ್ನಡಕ, ತೊಡೆಗಾಪು ಬಾಡಿಗೆಗೆ ಸೇರಿಯೇ ಬರಲಿ; ಬೇರೆ ಬೆಲೆ ಇಟ್ಟರೆ ಯಾರೂ ಒಯ್ಯುವುದಿಲ್ಲ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯ ರೈತರಿಗೆ ಎಷ್ಟೋ ಕಲಿಸಿದೆ. ಒಂದು ದಿನದ ಮಟ್ಟಿಗೆ ಗಿಡ ಕೆಡವುವ ಕಚ್ಚನ್ನು ಕಲಿಸಿದರೆ ಹಳ್ಳಿಯಿಂದ ಬರುವ ಹುಡುಗರಿಗೆ ಕೊರತೆಯಿಲ್ಲ. ಶಿರಸಿಯ ಅರಣ್ಯ ಕಾಲೇಜಿನವರು ಕಲಿಸುವವರನ್ನು ತಯಾರು ಮಾಡಬಲ್ಲರು. ಎಲ್ಲಕ್ಕಿಂತ ಕಠಿಣವಾದದ್ದು ಕೂಲಿಯ ರೀತಿ. ಟನ್ನಿಗಿಷ್ಟು ಎಂದು ಗುತ್ತಿಗೆ ಹಿಡಿದವನಿಗೆ ಚೈನು ಚೂಪು ಮಾಡುವ ಹದಿನೈದು ನಿಮಿಷವೂ ನಷ್ಟವೇ. ದಿನಗೂಲಿಯಲ್ಲಿ ಕಡಿಸಿದರೆ ಮಾಲೀಕನಿಗೆ ನಷ್ಟ. ನಡುವಿನ ದಾರಿ, ಚೈನು ಮತ್ತು ಪೆಟ್ರೋಲಿನ ಖರ್ಚನ್ನು ಆಳಿನ ತೂಕದಿಂದ ಕಳೆಯದೆ ವ್ಯಾಪಾರಿ ಹೊರುವುದು. ಇದನ್ನು ಕೆಲವರು ಒಪ್ಪಬಹುದು, ಎಲ್ಲರೂ ಒಪ್ಪಲಿಕ್ಕಿಲ್ಲ.

ಅಷ್ಟಾದರೂ ಗಾಯ ಆಗುತ್ತದೆ. ತೊಡೆಯ ದೊಡ್ಡ ರಕ್ತನಾಳ ಕೊಯ್ದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಹೊಳೆದಂಡೆಯ ಹೊಲಕ್ಕೆ 108 ಬರುವವರೆಗೆ ಅದು ಕಾಯುವುದಿಲ್ಲ. ಜತೆಗಿದ್ದವರು ಶುದ್ಧ ಬಟ್ಟೆಯಿಂದ ಗಾಯದ ಮೇಲೇ ಎರಡೂ ಕೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು, ತೆಗೆದು ತೆಗೆದು ನೋಡಬಾರದು. ಅರಿಶಿನ, ಸುಣ್ಣ, ಮಣ್ಣು ಹಾಕಬಾರದು. ಬೆರಳು ಕತ್ತರಿಸಿ ಬಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫದ ಮೇಲಿಟ್ಟು ಒಯ್ಯಬೇಕು. ಬೆರಳನ್ನೇ ನೇರ ಬರ್ಫಕ್ಕೆ ಹಾಕಿದರೆ ಕೆಡುತ್ತದೆ. ಒಬ್ಬನೇ ಹೋಗಿ ಕಡಿಯಬಾರದೆಂಬ ಹಳೆಯ ಮಾತಿಗೆ ಇದೇ ಕಾರಣ.

ಪರಿಹಾರದ ಅರ್ಜಿಗೆ ಹಳೆಯ ಕಾಯ್ದೆ ಕೊಟ್ಟ ಅವಧಿ ಎರಡು ವರ್ಷ. ಅರ್ಜಿ ಬೀಳುವುದು ಹಣವಿಲ್ಲದ್ದಕ್ಕಲ್ಲ, ಗುರುತಿಲ್ಲದ್ದಕ್ಕೆ. ಯಾರ ಹೊಲ, ಯಾರ ಮಶೀನು, ದಿನಕ್ಕೆಷ್ಟು ಕೂಲಿ, ಎಷ್ಟು ದಿನದಿಂದ ಕೆಲಸ ಎಂದು ಕೇಳಿದಾಗ ಗುತ್ತಿಗೆದಾರ, ‘ಅಂವಾ ನಮ್ಮ ಆಳಲ್ಲರಿ, ಕಟಗಿ ಆರಿಸಾಕ ಬಂದಿದ್ದ’ ಎಂದರೆ ಮನೆಯವರು ಎದುರು ಹೇಳಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಬೆಳಿಗ್ಗೆಯೇ ಮಶೀನು, ಟ್ರ್ಯಾಕ್ಟರಿನ ನಂಬರು, ನಿಂತ ಗಿಡ, ಜತೆಗಾರರು ಎಲ್ಲ ಕಾಣುವಂತೆ ಫೋನಿನಲ್ಲಿ ಒಂದು ಫೋಟೋ ಹಿಡಿದು ಮನೆಗೆ ಕಳಿಸಬೇಕು. ಕೂಲಿ ಫೋನ್ ಪೇನಲ್ಲಿ ಬಂದರೆ ಅದನ್ನು ಅಳಿಸಬಾರದು. ಅಪಘಾತವಾದ ಜಾಗದ ಬುಡದ ಫೋಟೋವನ್ನು ಅದೇ ದಿನ ತೆಗೆಯಬೇಕು. ಕೊಯ್ತ ಎಲ್ಲಿ ಶುರುವಾಗಿತ್ತು, ಕಚ್ಚು ಇತ್ತೋ ಇಲ್ಲವೋ, ಗಿಡ ಯಾವ ಕಡೆ ಬಿತ್ತು ಎಂದು ಹೇಳುವುದು ಆ ಬುಡವೊಂದೇ. ಜಾಲಿಯ ಬುಡ ಬಹಳ ದಿನ ಹಾಗೇ ಇರುವುದಿಲ್ಲ. ಒಂದು ಮಳೆಗೆ ಸುತ್ತಲೂ ಚಿಗುರು ಎದ್ದು, ತಿಂಗಳೊಪ್ಪತ್ತಿನಲ್ಲಿ ಕೊಯ್ದ ಗುರುತೇ ಮುಚ್ಚಿಹೋಗುತ್ತದೆ.